ರಣರಂಗ ಸೇರುವ ಮೊದಲೇ ಬಿದ್ದವರು



ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವಿದೆ. ಬಿಕ್ಕೋಡು ಹೋಬಳಿಯ ಈ ಸಭೆಯಲ್ಲಿರುವ ಅನೇಕರು ಅದನ್ನು ಚಿಕ್ಕಂದಿನಿಂದ ನೋಡಿರುತ್ತೀರಿ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ ನುಂಗುತ್ತಿದೆ, ಶರಭವನ್ನು ಕಡೆಗೆ ಗಂಡಭೇರುಂಡ ಮುಗಿಸುತ್ತಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯ ಗೋಡೆಯ ಮೇಲಿರುವ ಎರಡು ತಲೆಯ ಹಕ್ಕಿಯೇ ಮೈಸೂರು ಒಡೆಯರ ಲಾಂಛನದಲ್ಲೂ ಇತ್ತು. 1941ರ ಜೂನ್‌ನಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ 129ನೇ ಸ್ಕ್ವಾಡ್ರನ್ ಕಟ್ಟಿತು. ಅದರ ಸ್ಪಿಟ್‌ಫೈರ್ ವಿಮಾನಗಳಿಗೆ ಮೈಸೂರು ಸಂಸ್ಥಾನದಿಂದ ಹಣ ಹೋಗಿದ್ದರಿಂದ ದಳದ ಹೆಸರಿಗೆ ‘ಮೈಸೂರು’ ಎಂಬುದು ಸೇರಿತು. ಅದರ ಲಾಂಛನದಲ್ಲಿ ಗಂಡಭೇರುಂಡ ಕೂತಿತು. ಯುರೋಪಿನ ಆಕಾಶದಲ್ಲಿ ಜರ್ಮನ್ ವಿಮಾನಗಳ ಎದುರು ಹಾರಿದ ತರುಣರು ನಮ್ಮ ಹಕ್ಕಿಯ ಗುರುತು ಹೊತ್ತಿದ್ದರು.

ಎರಡನೇ ಮಹಾಯುದ್ಧ ಕರ್ನಾಟಕಕ್ಕೆ ದೂರದ ಸಂಗತಿ ಎಂದು ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳನ್ನು ಓದಿದವರಿಗೆ ಅನ್ನಿಸುತ್ತದೆ. ಮೈಸೂರು ಸೀಮೆಯ ಮೇಲೆ ಬಾಂಬು ಬೀಳಲಿಲ್ಲ, ಶತ್ರುವಿನ ಸೈನ್ಯ ಬರಲಿಲ್ಲ, ನಿಜ. ಆದರೆ ಯುದ್ಧಕ್ಕೆ ಹೋಗುವವರು ಹಾರುವುದನ್ನು ಕಲಿಯಲು ಬಂದದ್ದು ಇಲ್ಲಿಗೆ. ಅದರಲ್ಲೂ ಕತ್ತಲೆಯಲ್ಲಿ ಹಾರುವುದನ್ನು. ಕಲಿಯುವಾಗಲೇ ಸತ್ತವರ ವಿಚಾರವನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ಅವರ ಹೆಸರಿನಲ್ಲಿ ಯಾರೂ ಲಾವಣಿ ಕಟ್ಟಲಿಲ್ಲ, ಅವರು ಗೆದ್ದ ಕದನವೂ ಇಲ್ಲ. ಯುದ್ಧದ ಲೆಕ್ಕದಲ್ಲಿ ಮಾತ್ರ ಅವರ ಸಂಖ್ಯೆ ಸಣ್ಣದಲ್ಲ.

ಒಂದೆರಡು ಅಂಕಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಸುಮಾರು 1,25,000 ವಿಮಾನ ಸಿಬ್ಬಂದಿ ಸೇವೆ ಮಾಡಿದರು. ಅವರಲ್ಲಿ 55,573 ಮಂದಿ ಸತ್ತರು. ಈ ಸತ್ತವರ ಪೈಕಿ 8,000ಕ್ಕೂ ಹೆಚ್ಚು ಜನ ಶತ್ರುವಿನ ಗುಂಡಿಗೆ ಸಿಕ್ಕವರಲ್ಲ. ತರಬೇತಿ ಹಾರಾಟ ಮತ್ತು ಅಪಘಾತಗಳಲ್ಲಿ, ತಮ್ಮದೇ ನೆಲದ ಮೇಲೆ ಬಿದ್ದು ಸತ್ತವರು. ಅಮೆರಿಕದ ಒಳನಾಡಿನಲ್ಲೂ ಯುದ್ಧದ ವರ್ಷಗಳಲ್ಲಿ ತರಬೇತಿಗೆ ಸಂಬಂಧಿಸಿದ ಅಪಘಾತಗಳಲ್ಲಿ ಸುಮಾರು 15,000 ಜನ ವೈಮಾನಿಕರು ತೀರಿಕೊಂಡರು. ಒಂದು ಪಟ್ಟಣದ ಜನಸಂಖ್ಯೆ ಅದು. ಬಹುತೇಕರಿಗೆ ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು, ಅಂದರೆ ಇವತ್ತು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುವ ಪದವಿ ವಿದ್ಯಾರ್ಥಿಗಳ ವಯಸ್ಸು.

ನಮ್ಮ ಸೀಮೆಗೆ ಇದು ಬಂದ ದಾರಿಯನ್ನು ನೋಡೋಣ. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ಕೈಸೇರಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿ ವಿಮಾನಗಳು ಬಾಂಬು ಹಾಕಿದವು. ಬರ್ಮಾವನ್ನು ಮರಳಿ ಪಡೆಯಬೇಕಾದರೆ ಭಾರತದಲ್ಲಿ ವಿಮಾನ ನಿಲ್ದಾಣಗಳು ಬೇಕು ಎಂದು ಬ್ರಿಟಿಷರಿಗೆ ಮನವರಿಕೆಯಾಯಿತು. ಎರಡು ಮೂರು ವರ್ಷದಲ್ಲಿ ದೇಶದಾದ್ಯಂತ ಇನ್ನೂರಕ್ಕೂ ಹೆಚ್ಚು ನಿಲ್ದಾಣಗಳು ಎದ್ದವು. ಬಂಗಾಳ, ಅಸ್ಸಾಮಿನ ನಿಲ್ದಾಣಗಳು ಕಾದಾಟಕ್ಕೆ. ಜಪಾನಿನ ಕೈಗೆ ಎಟುಕದ, ಹವೆ ಹಿತವಾಗಿರುವ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಮೈಸೂರು ಪ್ರಸ್ಥಭೂಮಿ ಕಲಿಕೆಗೆ. ಬೆಂಗಳೂರಿನಲ್ಲಿ ಆಗಲೇ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಶುರುಮಾಡಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇತ್ತು. ವಿಮಾನ ಕೆಟ್ಟರೆ ರಿಪೇರಿಗೆ ಊರಿನಲ್ಲೇ ಜಾಗ.

ಹೀಗೆ ಯಲಹಂಕ ಮತ್ತು ಕೋಲಾರ ತರಬೇತಿಯ ಕೇಂದ್ರಗಳಾದವು. ಯಲಹಂಕದಲ್ಲಿ 1944ರಲ್ಲಿ ಮಾಸ್ಕಿಟೋ ವಿಮಾನಕ್ಕಾಗಿ 1672ನೇ ಪರಿವರ್ತನಾ ಘಟಕ ಶುರುವಾಯಿತು. ಅದುವರೆಗೆ ವೆಂಜನ್ಸ್ ಎಂಬ ಡೈವ್ ಬಾಂಬರ್ ಹಾರಿಸುತ್ತಿದ್ದ 45, 82, 84, 110ನೇ ಸ್ಕ್ವಾಡ್ರನ್‌ಗಳು ಮಾಸ್ಕಿಟೋ ಕಲಿತದ್ದು ಯಲಹಂಕ, ಕೋಲಾರಗಳ ಆಸುಪಾಸಿನಲ್ಲೇ. ಕೋಲಾರದಲ್ಲಿ 1673ನೇ ಘಟಕ ನಾಲ್ಕು ಎಂಜಿನಿನ ಲಿಬರೇಟರ್ ಬಾಂಬರ್ ಕಲಿಸುತ್ತಿತ್ತು. ಆ ಘಟಕದಿಂದಲೇ 1944ರ ನವೆಂಬರ್ 8ರಂದು 358ನೇ ಸ್ಕ್ವಾಡ್ರನ್ ಹುಟ್ಟಿತು. ಕೋಲಾರದ ಮಣ್ಣಿನಲ್ಲಿ ಹುಟ್ಟಿದ ಈ ದಳ ಮಾಡಿದ ಬಾಂಬು ದಾಳಿ ಒಂದೇ ಒಂದು, 1945ರ ಜನವರಿ 13ರಂದು ಮಾಂಡಲೆಯ ಮೇಲೆ. ಆಮೇಲೆ ಅದಕ್ಕೆ ಬೇರೆಯೇ ಕೆಲಸ ಒಪ್ಪಿಸಿದರು. ರಾತ್ರಿಹೊತ್ತು ಶತ್ರುವಿನ ಸೀಮೆಯೊಳಗೆ ನುಗ್ಗಿ ಗೂಢಚಾರರನ್ನು, ಅವರಿಗೆ ಬೇಕಾದ ಸರಂಜಾಮನ್ನು ಪ್ಯಾರಾಚೂಟಿನಲ್ಲಿ ಇಳಿಸಿ ಬರುವುದು. ಗುಡ್ಡಗಾಡಿನ ಮೇಲೆ, ಕತ್ತಲೆಯಲ್ಲಿ, ತಗ್ಗಿನಲ್ಲಿ ಹಾರಬೇಕಾದ ಕೆಲಸ. ಬಂಗಾಳದಿಂದ ಬ್ಯಾಂಕಾಕಿನವರೆಗೆ ಹೋಗಿಬರುವ ಇಡೀ ರಾತ್ರಿಯ ಪ್ರಯಾಣಕ್ಕೆ ಸಿಬ್ಬಂದಿಯನ್ನು ಸಜ್ಜುಗೊಳಿಸಬೇಕೆಂದರೆ ಇರುಳಿನ ದೂರಹಾರಾಟವನ್ನು ಮೈಗೂಡಿಸಲೇಬೇಕಿತ್ತು.

ಈಗ ಒಂದು ಭೂಪಟವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಕೋಲಾರ, ಯಲಹಂಕ, ಬೇಲೂರು-ಬಿಕ್ಕೋಡು, ಇವೆಲ್ಲ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ, 13 ಡಿಗ್ರಿಗಿಂತ ಚೂರು ಮೇಲೆ. ಯಲಹಂಕದಿಂದ ನೆಟ್ಟಗೆ ಪಡುವಣಕ್ಕೆ ಗೆರೆ ಎಳೆದರೆ ಸುಮಾರು 190 ಕಿಲೋಮೀಟರಿಗೆ ಬೇಲೂರು. ಕೋಲಾರದಿಂದ ಎಳೆದರೆ 250 ಕಿಲೋಮೀಟರ್. ಗಂಟೆಗೆ 320 ಕಿಲೋಮೀಟರ್ ವೇಗದ ಲಿಬರೇಟರ್ ಕೋಲಾರದಿಂದ ಹೊರಟರೆ ಮುಕ್ಕಾಲು ಗಂಟೆಯಲ್ಲಿ ಈ ಹೋಬಳಿಯ ನೆತ್ತಿಯ ಮೇಲೆ. ಬೇಲೂರಿನಿಂದ ಉತ್ತರಕ್ಕೆ ಐದಾರು ನಿಮಿಷ ಹಾರಿದರೆ ಬಾಬಾಬುಡನ್‌ಗಿರಿ ಸಾಲು, ಅದರಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ.

ರಾತ್ರಿ ದೂರಹಾರಾಟದ ಪಾಠ ಹೇಗಿತ್ತು ಎಂದು ನೋಡಿದರೆ ಈ ಭೂಪಟದ ಅರ್ಥ ಬಿಚ್ಚಿಕೊಳ್ಳುತ್ತದೆ. ಆಗ ಉಪಗ್ರಹದ ದಾರಿಸೂಚಕ ಇಲ್ಲ. ನ್ಯಾವಿಗೇಟರ್ ಒಂದು ಸಣ್ಣ ಮೇಜಿನ ಮುಂದೆ ಕೂತು ದಿಕ್ಸೂಚಿ, ಗಡಿಯಾರ, ವೇಗ, ಗಾಳಿಯ ಅಂದಾಜು ಇಷ್ಟನ್ನಿಟ್ಟುಕೊಂಡು ಪೆನ್ಸಿಲಿನಲ್ಲಿ ವಿಮಾನದ ಜಾಗ ಗುರುತು ಮಾಡುತ್ತ ಹೋಗಬೇಕು. ದಿಕ್ಕಿನಲ್ಲಿ ಐದು ಡಿಗ್ರಿ ತಪ್ಪಿದರೆ 250 ಕಿಲೋಮೀಟರ್ ದಾಟುವ ಹೊತ್ತಿಗೆ ವಿಮಾನ ಇರಬೇಕಾದ ಜಾಗದಿಂದ 20 ಕಿಲೋಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಅಡ್ಡಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸಿ, ಅದು ಲೆಕ್ಕಕ್ಕೆ ಸಿಗದೆ ಹೋದರೂ ಅಷ್ಟೇ ದೂರ ಸರಿಯುತ್ತದೆ. ಇವೆರಡೂ ಒಂದೇ ಕಡೆಗೆ ಕೂಡಿಕೊಂಡರೆ, ಬೇಲೂರಿನ ಬಯಲ ಮೇಲೆ ಇದ್ದೇವೆ ಎಂದು ನಂಬಿದ ಹುಡುಗರು ನಿಜಕ್ಕೂ ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಇರುತ್ತಾರೆ. ಎತ್ತರಮಾಪಕ 5,000 ಅಡಿ ತೋರಿಸುತ್ತಿರುತ್ತದೆ. ಅದು ಸಮುದ್ರಮಟ್ಟದಿಂದ ಅಳೆದ ಎತ್ತರ. ಬೇಲೂರಿನ ಮೇಲಾದರೆ ಆ ಅಂಕಿಗೆ ನೆಲ ಇನ್ನೂ ಸಾಕಷ್ಟು ಕೆಳಗೆ. ಮುಳ್ಳಯ್ಯನಗಿರಿಯ ತುದಿ 6,300 ಅಡಿ. ಮಾಪಕ ಸುಳ್ಳು ಹೇಳುವುದಿಲ್ಲ, ಆದರೆ ಎದುರಿಗೆ ಬೆಟ್ಟವಿದೆ ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಹಗಲಿನಲ್ಲಿ ಕಣ್ಣು ಕಾಯುತ್ತದೆ. ರಾತ್ರಿ ಕೆಳಗೆ ನೋಡಿದರೆ ಏನು ಕಾಣುತ್ತಿತ್ತು? ಕೋಲಾರ ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ 1902ರಲ್ಲೇ ಬಂದಿತ್ತು, ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ. ಅವನ್ನು ದಾಟಿ ಪಡುವಣಕ್ಕೆ ಬಂದರೆ ಹಳ್ಳಿಗಳಲ್ಲಿ ಇದ್ದದ್ದು ಸೀಮೆಎಣ್ಣೆಯ ಬುಡ್ಡಿ, ಕಂದೀಲು. ಅದೂ ಯುದ್ಧದಲ್ಲಿ ಕಮ್ಮಿಯಾಯಿತು. ನಮ್ಮ ದೇಶಕ್ಕೆ ಸೀಮೆಎಣ್ಣೆಯ ದೊಡ್ಡ ಪಾಲು ಬರುತ್ತಿದ್ದದ್ದು ಬರ್ಮಾದ ಬಾವಿಗಳಿಂದ. ಬರ್ಮಾ ಹೋದಮೇಲೆ ಸೀಮೆಎಣ್ಣೆಗೆ ಹಾಹಾಕಾರ ಎದ್ದಿತು. ಎಣ್ಣೆ ಉಳಿಸಲು ಹೊತ್ತಿಗೆ ಮುಂಚೆ ಉಂಡು ದೀಪ ಆರಿಸಿ ಮಲಗುವ ಹಳ್ಳಿ, ಅದರ ಮೇಲೆ ಬರ್ಮಾವನ್ನು ಮರಳಿ ಗೆಲ್ಲಲೆಂದೇ ಕಲಿಯುತ್ತಿರುವ ವಿಮಾನ. ಕಾಫಿ ತೋಟದ ಮರಗಳ ನೆರಳಿನಡಿ ಒಂದೆರಡು ದೀಪ ಉರಿದರೂ ಅದು ಆಕಾಶಕ್ಕೆ ಕಾಣುವಂಥದಲ್ಲ. ಅಮಾವಾಸ್ಯೆಯ ಸುತ್ತಿನ ದಿನಗಳಲ್ಲಂತೂ ಸಕಲೇಶಪುರದಿಂದ ಆಚೆ ಘಟ್ಟದ ಕಾಡು ಒಂದೇ ಕಪ್ಪು.

ಇಳಿಯುವ ಜಾಗದಲ್ಲಿದ್ದ ಬೆಳಕೂ ಸೀಮೆಎಣ್ಣೆಯದೇ. ‘ಗೂಸ್‌ನೆಕ್’ ಎಂದು ಕರೆಯುತ್ತಿದ್ದ ದೀಪಗಳನ್ನು ರನ್‌ವೇ ಅಂಚಿಗೆ ಸಾಲಾಗಿ ಇಡುತ್ತಿದ್ದರು. ತಗಡಿನದು. ಹೂಗಿಡಕ್ಕೆ ನೀರು ಹಾಕುವ ಕ್ಯಾನಿನ ಆಕಾರ, ಅದರ ಉದ್ದ ಮೂತಿಯಲ್ಲಿ ದಪ್ಪ ಬತ್ತಿ, ಹೊಟ್ಟೆಯಲ್ಲಿ ಎಣ್ಣೆ. ಸಂಜೆಗೆ ಆಳುಗಳು ಒಂದೊಂದನ್ನೇ ಹೊತ್ತಿಸಿಕೊಂಡು ಹೋಗಬೇಕು, ಗಾಳಿ ಬಂದು ಆರಿದರೆ ಓಡಿಹೋಗಿ ಮತ್ತೆ ಹೊತ್ತಿಸಬೇಕು. 110 ಅಡಿ ರೆಕ್ಕೆಯ, ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನಿನ, ಎಂಟರಿಂದ ಹನ್ನೊಂದು ಜನರನ್ನು ಹೊತ್ತ ಲಿಬರೇಟರ್ ಈ ಬತ್ತಿದೀಪಗಳ ಎರಡು ಸಾಲಿನ ನಡುವೆ ಇಳಿಯಬೇಕಿತ್ತು.

ಇಳಿಯುವುದಕ್ಕಿಂತ ಏಳುವುದರಲ್ಲಿ ಇನ್ನೊಂದು ಅಪಾಯ ಅಡಗಿತ್ತು. ಇದನ್ನು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ರಾತ್ರಿ ವಿಮಾನ ಬಿದ್ದ ಎಷ್ಟೋ ಪ್ರಸಂಗಗಳಲ್ಲಿ ‘ಪೈಲಟ್ ತಪ್ಪು’ ಎಂದು ಒಂದೇ ಸಾಲಿನಲ್ಲಿ ಷರಾ ಬರೆದು ಕಡತ ಮುಚ್ಚಿದ್ದಾರೆ. ಯುದ್ಧದ ವರ್ಷಗಳಲ್ಲಿ ವಿಚಿತ್ರವಾದ ಅಪಘಾತಗಳು ಮತ್ತೆ ಮತ್ತೆ ಆದವು. ವಿಮಾನದಲ್ಲಿ ದೋಷವಿಲ್ಲ, ಎಂಜಿನ್ ಚೆನ್ನಾಗಿ ಓಡುತ್ತಿದೆ, ಹವೆಯೂ ನಿರ್ಮಲ. ರಾತ್ರಿ ನೆಲ ಬಿಟ್ಟು ಮೇಲೆದ್ದ ವಿಮಾನ ಒಂದೆರಡು ನಿಮಿಷದೊಳಗೆ ನಿಲ್ದಾಣದ ಮುಂದೆಯೇ ಮೂತಿ ತಗ್ಗಿಸಿ ನೆಲಕ್ಕೆ ಬಡಿಯುತ್ತದೆ. 1946ರಲ್ಲಿ ಬ್ರಿಟನ್ನಿನ ವಿಜ್ಞಾನಿ ಎ.ಆರ್. ಕಾಲರ್ ರಾತ್ರಿ ಮೇಲೇರುವ ವಿಮಾನಗಳ ಅಪಘಾತದ ಬಗ್ಗೆ ಬರೆದ ವರದಿಯಲ್ಲಿ ಇದರ ಗುಟ್ಟು ಬಿಡಿಸಿದ.

ನಮ್ಮ ಒಳಗಿವಿಯಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಸುವ ಅಂಗವಿದೆ. ಭೂಮಿಯ ಸೆಳೆತವನ್ನೂ ವೇಗ ಹೆಚ್ಚುವಾಗ ಬೆನ್ನಿಗೆ ಬೀಳುವ ಒತ್ತನ್ನೂ ಅದು ಬೇರೆ ಬೇರೆ ಎಂದು ಗುರುತಿಸಲಾರದು. ಎರಡನ್ನೂ ಕೂಡಿಸಿ ‘ಕೆಳಗು ಇತ್ತ ಇದೆ’ ಎಂದು ಮೆದುಳಿಗೆ ಹೇಳುತ್ತದೆ. ಭೂಮಿಯ ಸೆಳೆತದ ಹತ್ತನೇ ಒಂದು ಪಾಲಿನಷ್ಟು ವೇಗವರ್ಧನೆ ಇದ್ದರೆ ಸಾಕು, ವಿಮಾನದ ಮೂತಿ ಇದ್ದದ್ದಕ್ಕಿಂತ ಸುಮಾರು ಆರು ಡಿಗ್ರಿ ಮೇಲೆದ್ದಿದೆ ಎಂದು ಮೈ ನಂಬುತ್ತದೆ. ಹಗಲಿನಲ್ಲಿ ದಿಗಂತ ಕಾಣುವುದರಿಂದ ಕಣ್ಣು ಈ ಭ್ರಮೆಯನ್ನು ಅಳಿಸಿಹಾಕುತ್ತದೆ. ಇರುಳಲ್ಲಿ ಕಡೆಯ ಗೂಸ್‌ನೆಕ್ ದೀಪ ಹಿಂದಾಯಿತೆಂದರೆ ಮುಂದೆ ಬರೀ ಕಪ್ಪು. ಮೂತಿ ಅತಿಯಾಗಿ ಮೇಲೆದ್ದಿದೆ ಎಂದು ಹೆದರಿದ ಪೈಲಟ್ ಅದನ್ನು ಮೆಲ್ಲಗೆ ಕೆಳಗೆ ಒತ್ತುತ್ತಾನೆ. ಒತ್ತಿದಷ್ಟೂ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಭ್ರಮೆ ಬಲಿಯುತ್ತದೆ. ನೆಲ ಮುಟ್ಟುವ ಕ್ಷಣದಲ್ಲೂ ತಾನು ಮೇಲೇರುತ್ತಿದ್ದೇನೆ ಎಂದೇ ಅವನು ತಿಳಿದಿರುತ್ತಾನೆ.

ಕಾಲರ್ ಇದನ್ನು ಬರೆದಾಗ ಯುದ್ಧ ಮುಗಿದಿತ್ತು. ಅದಕ್ಕೆ ಮುಂಚೆ ಹೀಗೆ ಸತ್ತ ಹುಡುಗರ ಮನೆಗೆ ಹೋದದ್ದು ತಂತಿ ಸಂದೇಶ ಮಾತ್ರ. ತಮ್ಮ ಮಗನ ಕೈಚಳಕದಲ್ಲಿ ಕೊರತೆ ಇತ್ತೇನೋ ಎಂದು ಕೊರಗಿದ ತಂದೆತಾಯಿ ಎಷ್ಟು ಜನರೋ. ಕೊರತೆ ಇದ್ದದ್ದು ಮನುಷ್ಯದೇಹದ ರಚನೆಯಲ್ಲಿ. ಅದನ್ನು ಅರಿಯದೆ ತರಬೇತಿಯನ್ನು ಅವಸರಿಸಿದ ವ್ಯವಸ್ಥೆಯಲ್ಲಿ. ಇವತ್ತು ಪೈಲಟ್ ಆಗಲು ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ಪಾಠ: ಮೈ ಹೇಳಿದ್ದನ್ನು ಬಿಡು, ಮುಂದಿರುವ ಉಪಕರಣ ಹೇಳಿದ್ದನ್ನು ನಂಬು. ಆ ಸತ್ತವರಿಂದಲೇ ನಮಗೆ ದಕ್ಕಿದ ತಿಳಿವಳಿಕೆ ಇದು. ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತುವ ನಾವೆಲ್ಲರೂ ಅವರ ಋಣದಲ್ಲಿದ್ದೇವೆ ಎಂದೇ ನಾನು ಭಾವಿಸುತ್ತೇನೆ.

ಯಲಹಂಕದ ಮಾಸ್ಕಿಟೋ ಕಥೆಯಲ್ಲಿ ವಿಮಾನವೇ ಕೈಕೊಟ್ಟಿತು. ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ಅಭಾವವಿದ್ದಾಗ ಡಿ ಹ್ಯಾವಿಲೆಂಡ್ ಕಂಪನಿ ಮರದಿಂದ ಕಟ್ಟಿದ ವಿಮಾನ ಅದು. ಒಳಗೆ ಹಗುರವಾದ ಬಾಲ್ಸಾ ಮರ, ಅದರ ಎರಡು ಕಡೆಗೂ ಬರ್ಚ್ ಮರದ ಪ್ಲೈವುಡ್, ರೆಕ್ಕೆಯ ತೊಲೆಗೆ ಸ್ಪ್ರೂಸ್ ಮರ, ಎಲ್ಲವನ್ನೂ ಹಿಡಿದಿಟ್ಟದ್ದು ಅಂಟು. ಎರಡು ಮರ್ಲಿನ್ ಎಂಜಿನ್, ಇಬ್ಬರೇ ಸಿಬ್ಬಂದಿ. ವೇಗದಲ್ಲಿ ಅದನ್ನು ಹಿಡಿಯುವ ಬಾಂಬರ್ ಆಗ ಕಡಿಮೆ. 1944ರ ಕೊನೆಯ ತಿಂಗಳುಗಳಲ್ಲಿ ಭಾರತದಲ್ಲಿದ್ದ ಮಾಸ್ಕಿಟೋಗಳು ಆಕಾಶದಲ್ಲೇ ಮುರಿದು ಬೀಳತೊಡಗಿದವು. ರೆಕ್ಕೆಯ ಮೇಲಿನ ಹಾಳೆ ತೊಲೆಯಿಂದ ಬಿಟ್ಟುಕೊಂಡು ಏಳುತ್ತಿತ್ತು. ಹಾರಾಟ ನಿಲ್ಲಿಸಿ ವಿಮಾನಗಳನ್ನು ತಪಾಸಣೆಗೆ ಹಚ್ಚಿದರು. ಮಾಸ್ಕಿಟೋಗಾಗಿ ಕಾದಿದ್ದ 84ನೇ ಸ್ಕ್ವಾಡ್ರನ್ ಯಲಹಂಕದಲ್ಲಿ 1945ರವರೆಗೂ ಕಾಯಬೇಕಾಯಿತು.

ಕಾರಣ ಹುಡುಕಲು ಕಂಪನಿಯ ಮನೆತನದವನೇ ಆದ ಮೇಜರ್ ಹೆರ್‌ವರ್ಡ್ ಡಿ ಹ್ಯಾವಿಲೆಂಡ್ ಭಾರತಕ್ಕೆ ಬಂದ. 1944ರ ಡಿಸೆಂಬರಿನಲ್ಲಿ ವರದಿ ಕೊಟ್ಟ. ಅಂಟಿನದು ತಪ್ಪಿಲ್ಲ, ಮುಂಗಾರಿನ ತೇವಕ್ಕೆ ಮರದ ಚೌಕಟ್ಟು ಕುಗ್ಗಿದ್ದೇ ಕಾರಣ ಎಂದ. ಆಮೇಲೆ ನಡೆದ ತನಿಖೆಗಳು ಬೇರೆಯೇ ಹೇಳಿದವು. ಬ್ರಿಟನ್ನಿನ ಡೆಫರ್ಡ್‌ನಲ್ಲಿ ಬೇರೆ ಬೇರೆ ಮಾದರಿಯ ಮಾಸ್ಕಿಟೋಗಳನ್ನು ಬಿಚ್ಚಿ ನೋಡಿದರು. ಇಂಡಿಯಾದ ಮಳೆಯನ್ನೇ ಕಾಣದ, ಗೆದ್ದಲು ಮುಟ್ಟದ ಆ ವಿಮಾನಗಳಲ್ಲೂ ಅದೇ ದೋಷ ಸಿಕ್ಕಿತು. ಹ್ಯಾಟ್‌ಫೀಲ್ಡ್ ಮತ್ತು ಲೀವ್ಸ್‌ಡೆನ್ ಕಾರ್ಖಾನೆಗಳಲ್ಲಿ ಅಂಟಿಸುವ ಕೆಲಸವೇ ಕಳಪೆಯಾಗಿತ್ತು. ಆದರೂ ವಿಮಾನದ ಮೇಲೆ ಸಿಬ್ಬಂದಿಯ ನಂಬಿಕೆ ಕುಸಿಯಬಾರದೆಂದು ಬ್ರಿಟನ್ನಿನ ವಾಯು ಸಚಿವಾಲಯ ಮೊದಲ ವರದಿಯನ್ನೇ ಹಿಡಿದುಕೊಂಡು ‘ಬಹುಮಟ್ಟಿಗೆ ಹವಾಗುಣ’ ಎಂದು ಹೇಳಿತು. ರೆಕ್ಕೆಯ ಬೆಸುಗೆಯುದ್ದಕ್ಕೂ ಪ್ಲೈವುಡ್ಡಿನ ಒಂದು ಪಟ್ಟಿ ಬಡಿದು ನೀರು ಇಳಿಯದಂತೆ ಮಾಡಿ ವಿಮಾನಗಳನ್ನು ಮತ್ತೆ ಹಾರಿಸಿದರು.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನೋವಿನ ಭಾಗ ಇದು. ದೂರದ ಕಾರ್ಖಾನೆಯಲ್ಲಿ ಅವಸರದಲ್ಲಿ ಸವರಿದ ಅಂಟಿನ ಅಪರಾಧವನ್ನು ನಮ್ಮ ಮಳೆಯ ತಲೆಗೆ ಕಟ್ಟಿದರು. ಮಲೆನಾಡಿನ ಜನಕ್ಕೆ ಮಳೆಗೂ ಮರಕ್ಕೂ ಇರುವ ಸಂಬಂಧವನ್ನು ಯಾರೂ ಕಲಿಸಬೇಕಿಲ್ಲ. ಸರಿಯಾಗಿ ಹದಮಾಡಿ ಕೂಡಿಸಿದ ತೊಲೆ ಎಷ್ಟು ಮಳೆಗಾಲ ತಡೆಯುತ್ತದೆಂದು ನಿಮ್ಮ ಹಳೆಯ ತೊಟ್ಟಿಮನೆಗಳೇ ಹೇಳುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಏಳಬೇಕು ಕೂಡ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮೂರು ಸ್ವತಂತ್ರ ಎಂದು ಸಾರಿದರು. 1943ರ ಮಾರ್ಚ್‌ನಲ್ಲಿ ಆ ಊರಿನ ಐವರನ್ನು ಗಲ್ಲಿಗೆ ಹಾಕಿದರು. ಬ್ರಿಟಿಷ್ ಸಾಮ್ರಾಜ್ಯದ ಸಮವಸ್ತ್ರ ತೊಟ್ಟವರು ಇಲ್ಲಿ ಬಿದ್ದು ಸತ್ತರೆ ನಾವೇಕೆ ನೆನೆಯಬೇಕು? ನಮ್ಮ ಹುತಾತ್ಮರನ್ನೇ ನಾವು ನೆಟ್ಟಗೆ ನೆನೆದಿಲ್ಲವಲ್ಲ? ಈ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಈಸೂರಿನ ಹೆಸರನ್ನು ಮೊದಲು ಹೇಳಿಯೇ ಉಳಿದದ್ದನ್ನು ಹೇಳಬೇಕು. ಆದರೆ ಕೋಲಾರದಿಂದ ಹಾರಿದ ಹುಡುಗರಲ್ಲಿ ಇಂಗ್ಲಿಷರಲ್ಲದೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಂಥ ದೇಶಗಳಿಂದ ಬಂದವರೂ ಇದ್ದರು. ಈಸೂರಿನವರನ್ನು ಗಲ್ಲಿಗೇರಿಸಿದ ತೀರ್ಮಾನದಲ್ಲಿ ಅವರ ಪಾತ್ರವಿಲ್ಲ. ಅವರ ವಿಮಾನಕ್ಕೆ ನೆಲ ಸಮ ಮಾಡಿದ್ದು, ಜಲ್ಲಿ ಹೊತ್ತದ್ದು ನಮ್ಮ ಹೆಂಗಸರು, ಗಂಡಸರು. ನೆರಳಿಲ್ಲದ ಬಯಲಿನಲ್ಲಿ ಕೂಲಿಗೆ ದುಡಿದ ಅವರ ಹೆಸರನ್ನಂತೂ ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಮಲೆನಾಡಿನ ಊರಬಾಗಿಲಲ್ಲಿ ವೀರಗಲ್ಲು ನಿಲ್ಲಿಸಿದ ಜನ ನಾವು. ಸತ್ತವನು ಯಾವ ಪಾಳೆಯಗಾರನ ಪರ ನಿಂತಿದ್ದ ಎಂದು ಕೇಳಿ ಆ ಕಲ್ಲಿಗೆ ಹೂವಿಡುವವರು ಯಾರೂ ಇಲ್ಲ.

ಸತ್ತವರ ಸಮಾಧಿ ಎಲ್ಲಿದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ದಕ್ಷಿಣ ಭಾರತದ ಅಲ್ಲಲ್ಲಿ ದ್ವಿತೀಯ ಮಹಾಯುದ್ಧದ ಸೈನಿಕರನ್ನು ಹೂಳಿದ ಸಣ್ಣಪುಟ್ಟ ಸ್ಮಶಾನಗಳನ್ನು ಶಾಶ್ವತವಾಗಿ ನೋಡಿಕೊಳ್ಳುವುದು ಕಷ್ಟವೆಂದು 1952ರಲ್ಲಿ ಚೆನ್ನೈನ ನಂದಂಬಾಕ್ಕಂನಲ್ಲಿ ಮದ್ರಾಸ್ ವಾರ್ ಸಿಮೆಟರಿ ಮಾಡಿ ಅನೇಕರ ಅವಶೇಷಗಳನ್ನು ಅಲ್ಲಿಗೆ ತಂದರು. ಅಲ್ಲಿ ಆ ಯುದ್ಧದ 856 ಸಮಾಧಿಗಳಿವೆ. ಸಾಲುಸಾಲು ಕಲ್ಲುಗಳು, ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆ. ದೇಹವೇ ಸಿಗದ ವೈಮಾನಿಕರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದ ಮೇಲಿದೆ. ಚೆನ್ನೈಗೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಆ ಸಾಲುಗಳ ನಡುವೆ ನಡೆದಾಡಿ. ಕಲ್ಲಿನ ಮೇಲಿರುವ ವಯಸ್ಸನ್ನು ಓದಿ.

ಇನ್ನೊಂದು ದೇಶದ ಹಳ್ಳಿಯವರು ಇಂಥ ಸಾವನ್ನು ಹೇಗೆ ಕಾಪಾಡಿಕೊಂಡಿದ್ದಾರೆ ಎಂಬುದಕ್ಕೆ ಒಂದು ಉದಾಹರಣೆ. 1942ರ ಜನವರಿ 30ರಂದು ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬಕ್‌ಡೆನ್ ಪೈಕ್ ಎಂಬ ಗುಡ್ಡಕ್ಕೆ ತರಬೇತಿಯಲ್ಲಿದ್ದ ವೆಲಿಂಗ್ಟನ್ ಬಾಂಬರೊಂದು ಹಿಮದ ಬಿರುಗಾಳಿಯಲ್ಲಿ ಬಡಿಯಿತು. ಸಿಬ್ಬಂದಿ ಆರೂ ಜನ ಪೋಲೆಂಡಿನವರು, ಅಂದರೆ ಆ ಊರಿಗೆ ಪರದೇಶದವರು. ಉಳಿದವನು ಒಬ್ಬನೇ, ಹಿಂಬದಿಯ ಗನ್ನರ್ ಜೋಸೆಫ್ ಫುಸ್ನಿಯಾಕ್. ಕಾಲು ಮುರಿದಿತ್ತು. ಹಿಮದ ಮೇಲೆ ನರಿಯ ಹೆಜ್ಜೆಗುರುತು ಕಂಡ. ಹಸಿದ ನರಿ ಊರಿನ ಕಡೆಗೇ ಹೋಗಿರಬೇಕೆಂದು ಯೋಚಿಸಿ, ಆ ಗುರುತು ಹಿಡಿದು ತೆವಳುತ್ತಾ ಕೆಳಗಿಳಿದು ಕ್ರೇ ಎಂಬ ಊರು ಸೇರಿದ. ಊರಿನವರು ಅವನನ್ನು ಉಳಿಸಿಕೊಂಡರು. 1973ರಲ್ಲಿ ಅವನು ತನ್ನ ಐವರು ಗೆಳೆಯರ ನೆನಪಿಗೆ ಆ ಗುಡ್ಡದ ಮೇಲೆ ಕಲ್ಲಿನ ಶಿಲುಬೆ ನಿಲ್ಲಿಸಿದ. ಅದರ ಬುಡದಲ್ಲಿ ಕಂಚಿನ ನರಿಯ ತಲೆಯಿದೆ. ಇವತ್ತಿಗೂ ಗುಡ್ಡ ಹತ್ತುವವರು ಅಲ್ಲಿ ನಿಂತು ಆ ಹೆಸರುಗಳನ್ನು ಓದುತ್ತಾರೆ.

ನಮ್ಮ ದೇಶದಲ್ಲೂ ಈಚೆಗೆ ಕೆಲಸ ಶುರುವಾಗಿದೆ. ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದ ಅಮೆರಿಕದ ವಿಮಾನಗಳ ಅವಶೇಷಗಳನ್ನು ಅರುಣಾಚಲದ ಕಾಡುಗಳಲ್ಲಿ ಹುಡುಕಿದ್ದಾರೆ. ಪಾಸಿಘಾಟ್‌ನಲ್ಲಿ 2023ರಲ್ಲಿ ಅದಕ್ಕಾಗಿ ಮ್ಯೂಸಿಯಂ ತೆರೆದಿದ್ದಾರೆ. ಅಲ್ಲಿ ದಾರಿ ತೋರಿಸಿದ್ದು ಬೆಟ್ಟದ ಬುಡಕಟ್ಟಿನ ಬೇಟೆಗಾರರು. ಕಡತದಲ್ಲಿ ಇಲ್ಲದ್ದು ಅವರ ನೆನಪಿನಲ್ಲಿತ್ತು.

ಯುದ್ಧಕಾಲದ ಭಾರತ ರಕ್ಷಣಾ ನಿಯಮಗಳ ಕೆಳಗೆ ಪತ್ರಿಕೆಗಳ ಕೈ ಕಟ್ಟಿದ್ದರು. ಸೈನ್ಯದ ವಿಮಾನ ಎಲ್ಲಿ ಬಿತ್ತು, ಎಷ್ಟು ಜನ ಸತ್ತರು ಎಂದು ಮನಬಂದಂತೆ ಅಚ್ಚುಹಾಕುವ ಹಾಗಿರಲಿಲ್ಲ. ಆದ್ದರಿಂದ ಇಂಥ ಘಟನೆಗಳ ವಿಷಯದಲ್ಲಿ ಅಜ್ಜ-ಅಜ್ಜಿಯರ ಬಾಯಿಮಾತಿಗೆ ಬೆಲೆ ಹೆಚ್ಚು. 1944ರಲ್ಲಿ ಎಂಟು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಆಜುಬಾಜು. ಇನ್ನು ತಡ ಮಾಡುವ ಹಾಗಿಲ್ಲ.

ಅಧ್ಯಾಪಕರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಯುದ್ಧಕಾಲದ ವಿಮಾನದ ಬಗ್ಗೆ, ರಾತ್ರಿ ಕೇಳಿದ ಸದ್ದಿನ ಬಗ್ಗೆ, ಬೆಟ್ಟದ ಮೇಲೆ ಕಂಡ ಬೆಂಕಿಯ ಬಗ್ಗೆ ನಿಮ್ಮ ಮನೆಯ ಹಿರಿಯರು ಏನಾದರೂ ಹೇಳುತ್ತಿದ್ದರೆ ಮೊಬೈಲಿನಲ್ಲಿ ಅವರ ಮಾತನ್ನೇ ರೆಕಾರ್ಡ್ ಮಾಡಿಕೊಳ್ಳಿ. ‘ಯಾವ ಇಸವಿ’ ಎಂದು ಕೇಳಬೇಡಿ, ಅದು ಅವರಿಗೆ ನೆನಪಿರುವುದಿಲ್ಲ. ಕಾಫಿ ಹೂವಾಗಿತ್ತೋ, ಹಣ್ಣು ಕೊಯ್ಯುತ್ತಿದ್ದರೋ, ಗದ್ದೆ ನಾಟಿಯೋ, ಬೇಲೂರು ತೇರಿಗೆ ಮುಂಚೆಯೋ ಆಮೇಲೋ, ಬೆಳದಿಂಗಳೋ ಕತ್ತಲೆಯೋ ಎಂದು ಕೇಳಿ. ಇದರಿಂದ ತಿಂಗಳು, ಪಕ್ಷ ಗೊತ್ತಾಗುತ್ತದೆ. ಅದನ್ನು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದ ದಿನಚರಿಗಳ ಜೊತೆ ತಾಳೆ ನೋಡಬಹುದು. ಸ್ಕ್ವಾಡ್ರನ್‌ಗಳ ದಿನಚರಿ ಅಲ್ಲಿ ‘ಏರ್ 27’ ಸರಣಿಯಲ್ಲಿದೆ, ತರಬೇತಿ ಘಟಕಗಳದು ‘ಏರ್ 29’ರಲ್ಲಿ. ಪ್ರತಿ ಅಪಘಾತಕ್ಕೂ ತುಂಬಿದ ‘ಫಾರ್ಮ್ 1180’ ಕಾರ್ಡುಗಳು ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿವೆ. ಸತ್ತವರ ಹೆಸರು, ದಿನಾಂಕವನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ದುಡ್ಡು ಕೊಡಬೇಕಾಗಿಲ್ಲ. ಇಸವಿ ಸಿಕ್ಕಲು ಅಷ್ಟು ಸಾಕು.

ತೋಟದಲ್ಲಿ ಅಗೆಯುವಾಗ, ಹಳೆಯ ಅಟ್ಟ ಗುಡಿಸುವಾಗ ವಿಮಾನದ್ದು ಎನ್ನುವ ಲೋಹದ ತುಂಡು ಸಿಕ್ಕರೆ ಗುಜರಿಗೆ ಹಾಕಬೇಡಿ. ಹಾಳೆಯಂಥ ಅಲ್ಯೂಮಿನಿಯಂ ಆದರೆ ಅದು ಲಿಬರೇಟರಿನಂಥ ಲೋಹದ ವಿಮಾನದ್ದಿರಬಹುದು. ಮಾಸ್ಕಿಟೋ ಆದರೆ ಮರವನ್ನು ಬೆಂಕಿ, ಗೆದ್ದಲು ತಿಂದು ಎಂಜಿನ್ ಮತ್ತು ಚಕ್ರದ ಭಾಗ ಮಾತ್ರ ಉಳಿದಿರುತ್ತದೆ. ತುಂಡಿನ ಮೇಲೆ ಕೊರೆದ ಅಕ್ಷರ, ಅಂಕಿ ಇದ್ದರೆ ಉಜ್ಜಿ ಹೊಳಪು ಕೊಡದೆ, ಪಕ್ಕದಲ್ಲೊಂದು ಸ್ಕೇಲಿಟ್ಟು ಫೋಟೋ ತೆಗೆದು, ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಬರೆದಿಡಿ. ಬಾಂಬು, ತೋಟೆಯ ಹಾಗೆ ಕಾಣುವ ಯಾವುದನ್ನೂ ಮುಟ್ಟಬೇಡಿ. ಎಂಬತ್ತು ವರ್ಷವಾದರೂ ಅದರೊಳಗಿನ ಮದ್ದು ಸಿಡಿಯಬಹುದು. ಮಕ್ಕಳನ್ನು ದೂರ ಕಳಿಸಿ, 112ಕ್ಕೆ ಫೋನ್ ಮಾಡಿ.